ಹಗಲಿನಲ್ಲಿ ಮಗುವಿಗೆ ತುತ್ತು ಕೊಡುವವರು ಯಾರು?

ಹನ್ನೊಂದು ತಿಂಗಳ ಹೆಣ್ಣುಮಗು. ಎರಡು ತಿಂಗಳಲ್ಲಿ ಮೂರನೆಯ ಸಲ ಭೇದಿ. ತೂಕ ಆರೂವರೆ ಕಿಲೋ ಮಾತ್ರ. ಕೇಸ್ ಶೀಟಿನಲ್ಲಿ 'ತಂದೆ: ಆಟೋ ಚಾಲಕ, ತಾಯಿ: ಗೃಹಿಣಿ' ಎಂದು ನಾನೇ ಬರೆದಿದ್ದೆ. ತಾಯಿ ಮನೆಯಲ್ಲೇ ಇರುತ್ತಾಳಲ್ಲ ಎಂಬ ಧೈರ್ಯದಿಂದ ಹಿಂದಿನ ಎರಡು ಸಲವೂ ಓ.ಆರ್.ಎಸ್. ಪೊಟ್ಟಣ, ಜಿಂಕ್ ಸಿರಪ್ ಬರೆದು ಕಳುಹಿಸಿದ್ದೆ.

ಈ ಸಲ ತಾಯಿಯ ಅಂಗೈ ಕಣ್ಣಿಗೆ ಬಿತ್ತು. ಇದ್ದಿಲ ಪುಡಿ ಹಿಡಿದು ಕಪ್ಪಾಗಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಊದುಬತ್ತಿ ಹೊಸೆಯುವ ಕೆಲಸ; ಸಾವಿರಕ್ಕಿಷ್ಟು ಎಂದು ಕೂಲಿ. ಅಲ್ಲಿಯತನಕ ಮಗುವಿಗೆ ಬಾಟಲಿಯಲ್ಲಿ ನೀರು ಬೆರೆಸಿದ ಹಾಲು. ಮೂರನೆಯ ತರಗತಿಯ ಅಕ್ಕ ಶಾಲೆಯಿಂದ ಬಂದ ಮೇಲೆ ಒಂದೆರಡು ನೆನೆಸಿದ ಬಿಸ್ಕತ್ತು. ಮನೆಯಲ್ಲಿ ಇರುವುದು ಬೇರೆ, ಕೈ ಬಿಡುವಾಗಿರುವುದು ಬೇರೆ ಎಂಬುದನ್ನು ನಾನು ಕೇಳಿಯೇ ಇರಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದ ವಿವಾಹಿತರ ಪೈಕಿ ಹಿಂದಿನ ಹನ್ನೆರಡು ತಿಂಗಳಲ್ಲಿ ಉದ್ಯೋಗ ಮಾಡಿದವರು ಗಂಡಸರಲ್ಲಿ ಶೇ. 98, ಹೆಂಗಸರಲ್ಲಿ ಶೇ. 32. ಉಳಿದ ಹೆಂಗಸರೆಲ್ಲ ಬಿಡುವಾಗಿದ್ದಾರೆಂದು ಓದಬೇಡಿ. 2024ರ ಸಮಯ ಬಳಕೆ ಸಮೀಕ್ಷೆ ಹೇಳುವಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ.

ಕುಟುಂಬದ ಬಗೆಯೂ ಹೀಗೆಯೇ ಮೋಸಗೊಳಿಸುತ್ತದೆ. ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಗಂಡ, ಹೆಂಡತಿ, ಮಕ್ಕಳಿರುವ ಮನೆಯೂ ವಿಭಕ್ತ ಕುಟುಂಬ. ಮಕ್ಕಳೊಡನೆ ಒಂಟಿಯಾಗಿರುವ ತಾಯಿಯ ಮನೆಯೂ ವಿಭಕ್ತ ಕುಟುಂಬವೇ. ಎರಡನೆಯ ಮನೆಯಲ್ಲಿ ದುಡಿಯುವ ಕೈ, ಉಣಿಸುವ ಕೈ ಒಂದೇ. ಇನ್ನು ಅವಿಭಕ್ತ ಕುಟುಂಬ ಎಂದ ಕೂಡಲೇ ಅಜ್ಜಿ ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತೇವೆ. ಅಜ್ಜಿಗೆ ಮಂಡಿನೋವು, ಕಣ್ಣಿಗೆ ಪೊರೆ ಬಂದಿದ್ದರೆ?

ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಅವಧಿಯೇ ನಾಜೂಕು. ಅಂಗನವಾಡಿಯಲ್ಲಿ ಕೂರುವುದು ಮೂರು ವರ್ಷ ತುಂಬಿದ ಮೇಲೆ. 2017ರ ತಿದ್ದುಪಡಿಯಿಂದ ಬಂದ 26 ವಾರಗಳ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ; ಅದೂ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗೆ. ಊದುಬತ್ತಿ ಹೊಸೆಯುವಾಕೆಗೆ ರಜೆ ಕೊಡುವವರು ಯಾರು? ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿದ್ದುದು ಶೇ. 11ರಷ್ಟು ಮಕ್ಕಳಿಗೆ ಮಾತ್ರ ಎಂದು ಅದೇ ಆರೋಗ್ಯ ಸಮೀಕ್ಷೆ ತಿಳಿಸಿತ್ತು. ಬಡತನ ಒಂದು ಕಾರಣ. ತಿನ್ನಿಸಲು ಕೈ ಬಿಡುವಿಲ್ಲದಿರುವುದು ಇನ್ನೊಂದು.

ಒಂಬತ್ತು ತಿಂಗಳು ದಾಟಿದ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಮೂರು ನಾಲ್ಕು ಸಲ ಗಟ್ಟಿ ಆಹಾರ ಬೇಕು. ಚಮಚ ಬಗ್ಗಿಸಿದರೆ ಸುರಿದುಹೋಗದಷ್ಟು ಗಟ್ಟಿ ಇರಲಿ: ರಾಗಿ ಸರಿ, ಬೇಳೆ ಅನ್ನಕ್ಕೆ ಒಂದು ಚಮಚ ತುಪ್ಪ, ಹಿಸುಕಿದ ಬಾಳೆಹಣ್ಣು, ತಿನ್ನುವವರ ಮನೆಯಾದರೆ ಮೊಟ್ಟೆ. ಬಾಟಲಿ ಬೇಡ, ಬಟ್ಟಲು ಚಮಚ ಸಾಕು. ತುತ್ತಿಗೆ ಮುಂಚೆ ಸೋಪಿನಿಂದ ಕೈ ತೊಳೆಯಬೇಕು. ಇದ್ದಿಲು ಮೆತ್ತಿದ ಕೈಯಾದರೆ ಎರಡು ಸಲ. ಭೇದಿ ಇದ್ದಾಗಲೂ ಊಟ ನಿಲ್ಲಿಸಬಾರದು.

ಇಷ್ಟನ್ನು ಹೇಳಲು ಅವತ್ತು ಸಂಜೆ ತಂದೆಯನ್ನೂ ಕರೆಸಿದೆ. ಮಧ್ಯಾಹ್ನ ಊಟಕ್ಕೆ ಆತ ಹೇಗೂ ಮನೆಗೆ ಬರುತ್ತಾನೆ. "ಗಂಡಸು ತಿನ್ನಿಸಿದರೆ ಮಗು ತಿನ್ನುತ್ತಾ ಸಾರ್?" ಎಂದು ಕೇಳಿದ. ತಿನ್ನುತ್ತದೆ ಎಂದೆ. ತಿಂಗಳ ನಂತರ ಬಂದಾಗ ಮಗು 7 ಕಿಲೋ ದಾಟಿತ್ತು. ಈಗ ನನ್ನ ಕೇಸ್ ಶೀಟಿನಲ್ಲಿ 'ಉದ್ಯೋಗ'ದ ಕೆಳಗೆ ಇನ್ನೊಂದು ಸಾಲು ಸೇರಿದೆ: ಹಗಲಲ್ಲಿ ಉಣಿಸುವವರು. ಆ ಮಗುವಿನ ಹಾಳೆಯಲ್ಲಿ ಅಲ್ಲಿ 'ಅಪ್ಪ, ಮಧ್ಯಾಹ್ನ' ಎಂದಿದೆ.