ಮರಳಿನ ಮೇಲೊಂದು ಪಂದ್ಯ

ಮಳೆಗಾಲದಲ್ಲಿ ಬೈಲಹೊಂಗಲದ ಎರೆಮಣ್ಣಿನ ದಾರಿಯಲ್ಲಿ ಸೈಕಲ್ ತಳ್ಳಿದವರಿಗೆ, ರಾಮದುರ್ಗದ ಬಳಿ ಮಲಪ್ರಭೆಯ ಮರಳಿನಲ್ಲಿ ಅದನ್ನು ತುಳಿಯಹೊರಟವರಿಗೆ, ನೆಲವು ಚಕ್ರವನ್ನು ಹೇಗೆ ಹಿಡಿದುಕೊಳ್ಳುತ್ತದೆಂದು ಹೇಳಬೇಕಾಗಿಲ್ಲ. ಅಂಥ ನೆಲವನ್ನೇ ಅರಸಿಕೊಂಡು ಹೋಗುವ ಮೋಟಾರು ಸೈಕಲ್ ಪಂದ್ಯಗಳುಂಟು. ಅವುಗಳಲ್ಲೊಂದು ಬಗೆಗೆ ಮೆಕ್ಸಿಕೋ ದೇಶದ ಪರ್ಯಾಯದ್ವೀಪವೊಂದರಿಂದ ಬಂದ 'ಬಾಹಾ' ಎಂಬ ಹೆಸರಿದೆ.

ಇಲ್ಲಿ ಸವಾರರು ಆಸನದ ಮೇಲೆ ಕೂರುವುದು ಕಡಿಮೆ. ಕಾಲಿಡುವ ಗೂಟಗಳ ಮೇಲೆ ಎದ್ದುನಿಂತು, ಮಂಡಿಗಳನ್ನು ಸಡಿಲಬಿಟ್ಟು, ಮೈಭಾರವನ್ನು ಹಿಂದಕ್ಕೆ ಸರಿಸುತ್ತಾರೆ. ಆಗ ಮುಂದಿನ ಚಕ್ರವು ಹಗುರಾಗಿ ಮರಳಿನ ಮೇಲೆ ತೇಲಿದಂತೆ ಸಾಗುತ್ತದೆ. ಅಂಜಿ ಥಟ್ಟನೆ ವೇಗ ತಗ್ಗಿಸಿದರೆ ಭಾರವೆಲ್ಲ ಮುಂದಕ್ಕೆ ಬಂದು ಚಕ್ರ ಹೂತುಹೋಗುತ್ತದೆ. ಅಂಜಿಕೆಯೇ ಬೀಳಿಸುತ್ತದೆಂಬ ಮಾತಿಗೆ ಇಲ್ಲಿ ಭೌತಶಾಸ್ತ್ರದ ಆಧಾರವಿದೆ!

ಬೆಂಗಳೂರಿನ ತರುಣಿ ಐಶ್ವರ್ಯಾ ಪಿಸ್ಸೆಯವರು 2018ರಲ್ಲಿ ಸ್ಪೇನಿನ ಬಾಹಾ ಪಂದ್ಯದಲ್ಲಿ ಬಿದ್ದು, ಮೇದೋಜೀರಕ ಗ್ರಂಥಿಗೆ ತೀವ್ರವಾದ ಪೆಟ್ಟು ತಗುಲಿಸಿಕೊಂಡರು. ಮರುವರ್ಷ ಮತ್ತೆ ಕಣಕ್ಕಿಳಿದರು. ದುಬೈಯಲ್ಲಿ ಮೊದಲನೆಯ, ಪೋರ್ಚುಗಲ್ಲಿನಲ್ಲಿ ಮೂರನೆಯ, ಹಂಗೆರಿಯಲ್ಲಿ ನಾಲ್ಕನೆಯ ಸ್ಥಾನ ದೊರೆಯಿತು. ಒಟ್ಟು 65 ಅಂಕಗಳು. ಪೋರ್ಚುಗಲ್ಲಿನ ರೀಟಾ ವಿಯೇರಾ ಅವರಿಗೆ 61. ಹೀಗೆ 2019ರ ಮಹಿಳೆಯರ ಬಾಹಾ ವಿಶ್ವಕಪ್ ಭಾರತಕ್ಕೆ ಬಂದಿತು. ಅದೇ ವರ್ಷ, ಹಿಂದೆ ಬಿದ್ದಿದ್ದ ಸ್ಪೇನಿನ ಪಂದ್ಯದಲ್ಲಿಯೂ ಅವರು ಐದನೆಯವರಾಗಿ ಗುರಿ ಮುಟ್ಟಿದ್ದರು.