ಕೋಲು ಯಾವ ಕೈಯಲ್ಲಿ?

ಕಳೆದ ವರ್ಷ ಜುಲೈಯಲ್ಲಿ ನಮ್ಮ ಸಂಘದ ನಾಟಕಕ್ಕೆ ಪಾತ್ರ ಹಂಚುವಾಗ ನನ್ನ ಪಾಲಿಗೆ ಬಂದದ್ದು ಕುಂಟ ಕಾವಲುಗಾರನ ಪಾತ್ರ. "ನಿಂಗೆ ಅಭಿನಯದ ತೊಂದರೆಯೇ ಇಲ್ಲ ಮಾರಾಯ, ಸುಮ್ಮನೆ ನಡೆದುಕೊಂಡು ಬಂದರೆ ಸಾಕು" ಅಂದ ನಿರ್ದೇಶಕ ಮಿತ್ರ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ದಿನಾ ಸಂಜೆ ಬಂದು ಕ್ಲಾಸಿನ ನೋಟ್ಸು ಕೊಟ್ಟುಹೋದವನು ಅವನೇ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಹಾಗಾದರೆ ನಾನು ಇನ್ನೂ ಕುಂಟುತ್ತೇನೆಯೇ?

ಅಪಘಾತವಾಗಿ ಆಗ ಎಂಟು ತಿಂಗಳಾಗಿತ್ತು. ಗೆಳೆಯನೊಬ್ಬನ ಬೈಕಿನ ಹಿಂದೆ ಕೂತು ಬರುವಾಗ ಬಿದ್ದು, ಎಡತೊಡೆಯ ಮೂಳೆ ಮುರಿದು, ಒಳಗೆ ಉದ್ದದೊಂದು ಸರಳು ಕೂಡಿಸಿದ್ದರು. ಬಿಡುಗಡೆಯ ದಿನ ಮಾತ್ರೆಯ ಚೀಟಿ ಕೊಟ್ಟರು, ಬಿಲ್ಲು ಕೊಟ್ಟರು. ನಡೆಯುವುದು ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ. ನಾಲ್ಕನೇ ತಿಂಗಳ ಎಕ್ಸ್‌ರೇ ನೋಡಿ ಡಾಕ್ಟರು "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಧಾರಾಳವಾಗಿ ನಡಿ" ಅಂದರು. ನೋವೂ ಇರಲಿಲ್ಲ. ಮರುವಾರವೇ ನನ್ನ ಕೋಲನ್ನು ಲೋಕಲ್ ಗಾಡಿಯ ಸಾಮಾನಿನ ರ‍್ಯಾಕಿನ ಮೇಲೆ ಬೇಕೆಂದೇ ಮರೆತು ದಾದರಿನಲ್ಲಿ ಇಳಿದುಬಿಟ್ಟೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಕೋಲು ಹಿಡಿದು ಕಾಲೇಜಿನ ಗೇಟು ದಾಟುವುದು ಏನೆಂದು ದಾಟಿದವರಿಗೇ ಗೊತ್ತು.

ತಾಲೀಮಿನಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ಚಿತ್ರ ನೋಡಿದಾಗ ನನಗೆ ನಾನೇ ಗುರುತು ಸಿಗಲಿಲ್ಲ. ಎಡಗಾಲು ಊರಿದಾಗಲೆಲ್ಲ ಮೈ ಪೂರಾ ಎಡಕ್ಕೆ ವಾಲುತ್ತಿತ್ತು, ಅಲೆಯ ಮೇಲಿನ ದೋಣಿಯ ಹಾಗೆ. ನನ್ನ ಮನಸ್ಸಿನೊಳಗೆ ಮಾತ್ರ ನಾನು ನೆಟ್ಟಗೆ ನಡೆಯುತ್ತಿದ್ದೆ! ಕುಂಟುವವರಿಗೆ ತಮ್ಮ ಕುಂಟು ತಿಳಿಯುವುದಿಲ್ಲ. ಕೆಲವು ವಾರ ಹಾಗೇ ನಡೆದರೆ ಮಿದುಳು ಅದನ್ನೇ ಸರಿ ಅಂತ ಒಪ್ಪಿಕೊಂಡುಬಿಡುತ್ತದೆ.

ಆಮೇಲೆ ನಾನು ಹೋದದ್ದು ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ. ಮರಾಠಿ ಹೆಂಗಸು, ಅಮ್ಮನ ವಯಸ್ಸಿನವರು. ಅವರು ಕಾಲನ್ನು ಮುಟ್ಟಿಯೂ ನೋಡಲಿಲ್ಲ. ಕನ್ನಡಿಯ ಮುಂದೆ ನಿಲ್ಲಿಸಿ, "ಬಲಗಾಲು ಎತ್ತು, ಎಡಗಾಲ ಮೇಲೆ ನಿಲ್ಲು" ಅಂದರು. ನಿಂತೆ. ಸೊಂಟದ ಬಲಬದಿ ಜಗ್ಗನೆ ಕೆಳಕ್ಕೆ ಇಳಿಯಿತು. ಬೀಳದಿರಲು ಎದೆಯನ್ನೆಲ್ಲ ಎಡಕ್ಕೆ ಎಸೆದೆ. "ಇಷ್ಟೇ ನಿನ್ನ ರೋಗ" ಅಂದರು.

ಈ ಪರೀಕ್ಷೆಗೆ ಒಂದು ಹೆಸರಿದೆ. ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಷ್ ಟ್ರೆಂಡೆಲೆನ್‌ಬುರ್ಗ್ 1895ರಲ್ಲಿ ಇದನ್ನು ವಿವರಿಸಿದ. ಹುಟ್ಟಿನಿಂದಲೇ ಸೊಂಟದ ಕೀಲು ತಪ್ಪಿದವರು ಬಾತುಕೋಳಿಯ ಹಾಗೆ ಓಲಾಡುತ್ತಾ ನಡೆಯುತ್ತಾರಲ್ಲ, ಅದಕ್ಕೆ ಮೂಳೆ ಜಾರುವುದೇ ಕಾರಣ ಎಂಬ ನಂಬಿಕೆಯಿತ್ತು. ಇವನು ರೋಗಿಗಳು ನಡೆಯುವುದನ್ನು ಹಿಂದಿನಿಂದ ಸುಮ್ಮನೆ ನೋಡಿ, ಕಾರಣ ಸ್ನಾಯುವಿನ ದುರ್ಬಲತೆ ಎಂದ. ರಾಂಟ್‌ಜೆನ್ ಎಕ್ಸ್ ಕಿರಣಗಳನ್ನು ಕಂಡದ್ದೂ ಅದೇ ವರ್ಷದ ಕೊನೆಯಲ್ಲಿ. ಎಕ್ಸ್‌ರೇಗೆ ಮೂಳೆ ಕಾಣುತ್ತದೆ, ನಡಿಗೆ ಕಾಣುವುದಿಲ್ಲ. ನನ್ನ ಡಾಕ್ಟರು ನೋಡಿದ್ದು ಎಕ್ಸ್‌ರೇಯನ್ನು, ನಾನು ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬಂದದ್ದನ್ನಲ್ಲ.

ಆ ಸ್ನಾಯು ಎಲ್ಲಿದೆ ಅಂತ ಬೇಕಾದರೆ ಈಗಲೇ ನೋಡಿಕೊಳ್ಳಿ. ಎದ್ದು ನಿಂತು, ಎಡಗೈಯನ್ನು ಪ್ಯಾಂಟಿನ ಜೇಬಿನ ಮೇಲ್ತುದಿಯ ಹತ್ತಿರ, ಸೊಂಟದ ಮೂಳೆಯ ಅಂಚಿನ ಕೆಳಗೆ ಒತ್ತಿಹಿಡಿದು, ಬಲಗಾಲನ್ನು ನೆಲದಿಂದ ಎತ್ತಿ. ಕೈಯ ಕೆಳಗೆ ಏನೋ ಗಟ್ಟಿಯಾಯಿತಲ್ಲ? ವೈದ್ಯರು ಅದನ್ನು ಗ್ಲೂಟಿಯಸ್ ಮೀಡಿಯಸ್ ಎನ್ನುತ್ತಾರೆ. ನಾನು ಪಕ್ಕದ ಸ್ನಾಯು ಅಂತ ಕರೆಯುತ್ತೇನೆ. ನನ್ನ ತೊಡೆಯೊಳಗಿನ ಸರಳು ಇಳಿದದ್ದು ಈ ಸ್ನಾಯು ಬಂದು ಅಂಟುವ ಜಾಗದಿಂದಲೇ. ಸೊಂಟದ ಕೀಲು ಬದಲಾಯಿಸುವ ಶಸ್ತ್ರಕ್ರಿಯೆಯ ಒಂದು ಬಗೆಯಲ್ಲೂ ಈ ಸ್ನಾಯುವನ್ನು ಸ್ವಲ್ಪ ಬಿಡಿಸಿ ಮತ್ತೆ ಹೊಲಿಯಬೇಕಾಗುತ್ತದೆ. ಮೂಳೆ ಕೂಡಿದರೂ ಇದು ಎಷ್ಟೋ ತಿಂಗಳು ಸೋಮಾರಿಯಾಗಿ ಬಿದ್ದಿರುತ್ತದೆ.

ಬಿದ್ದಿದ್ದರೆ ಬಿದ್ದಿರಲಿ ಎನ್ನುವ ಹಾಗಿಲ್ಲ. ನಾವು ಎರಡು ಕಾಲಿನಿಂದ ನಡೆಯುತ್ತೇವೆ ಅಂತ ಹೇಳುವುದೇ ಹೆಚ್ಚುಕಮ್ಮಿ ಸುಳ್ಳು. ಒಂದೊಂದು ಕಾಲೂ ನಡಿಗೆಯ ಹೊತ್ತಿನಲ್ಲಿ ನೂರಕ್ಕೆ ಸುಮಾರು 60 ಪಾಲು ನೆಲದ ಮೇಲಿದ್ದು, 40 ಪಾಲು ಗಾಳಿಯಲ್ಲಿರುತ್ತದೆ. ಬಲಗಾಲು ಗಾಳಿಯಲ್ಲಿರುವ 40, ಎಡಗಾಲು ಗಾಳಿಯಲ್ಲಿರುವ 40 ಕೂಡಿಸಿ ನೋಡಿ: 80 ಪಾಲು ಹೊತ್ತು ನಾವು ಒಂಟಿಕಾಲಿನ ಮೇಲೆ ಇರುತ್ತೇವೆ! ಅಷ್ಟು ಹೊತ್ತೂ ಸೊಂಟ ವಾಲದ ಹಾಗೆ ಹಿಡಿದಿರುವುದು ಪಕ್ಕದ ಸ್ನಾಯುವಿನ ಕೆಲಸ.

ಅದೂ ಸಣ್ಣ ಕೆಲಸವಲ್ಲ. ವಿಜ್ಞಾನದವರು ಸ್ವಲ್ಪ ಸೈರಿಸಿಕೊಳ್ಳಿ, ಕಲಾ ವಿಭಾಗದವನ ಲೆಕ್ಕ ಇದು. ನನ್ನ ತೂಕ 60 ಕಿಲೋ. ಊರಿದ ಕಾಲಿನದು ಸುಮಾರು 10 ಬಿಟ್ಟರೆ, ಸೊಂಟದ ಕೀಲಿನ ಮೇಲೆ ತೂಗುವುದು 50. ಕೀಲನ್ನು ತಕ್ಕಡಿಯ ನಡುಮುಳ್ಳು ಅಂದುಕೊಳ್ಳಿ. ಆದರೆ ಈ ತಕ್ಕಡಿಯ ತೋಳುಗಳು ಸಮ ಇಲ್ಲ. ಮೈಭಾರ ಬೀಳುವ ಜಾಗ ಸ್ನಾಯು ಎಳೆಯುವ ಜಾಗಕ್ಕಿಂತ ಸುಮಾರು ಇಮ್ಮಡಿ ದೂರ. ಹಾಗಾಗಿ 50ನ್ನು ತೂಗಿಸಲು ಸ್ನಾಯು 100 ಕಿಲೋದಷ್ಟು ಜಗ್ಗಬೇಕು. ನಡುಮುಳ್ಳಿನ ಮೇಲೆ ಎರಡೂ ಸೇರಿ 150. ಅರವತ್ತು ಕಿಲೋದ ಹುಡುಗ ಒಂದು ಹೆಜ್ಜೆ ಇಟ್ಟರೆ ಕೀಲಿನ ಮೇಲೆ ಒಂದೂವರೆ ಕ್ವಿಂಟಲ್! ಇಷ್ಟು ಜಗ್ಗಲಾರದ ಸ್ನಾಯು ಕೈಚೆಲ್ಲುತ್ತದೆ. ಆಗ ಮೈ ಒಂದು ಉಪಾಯ ಮಾಡುತ್ತದೆ: ಭಾರವನ್ನೇ ಕೀಲಿನ ಮೇಲಕ್ಕೆ ಸರಿಸಿಬಿಟ್ಟರೆ ಜಗ್ಗುವ ಕೆಲಸವೇ ಕಡಿಮೆಯಾಯಿತಲ್ಲ! ಅದೇ ನನ್ನ ಎಡಕ್ಕೆ ವಾಲುವ ನಡಿಗೆ. ನೋಡಿದರೆ ಜಾಣತನವೇ. ಕಾಲು ಗಿಡ್ಡವಾದವರು, ಪೋಲಿಯೋದಿಂದ ಸ್ನಾಯು ಹೋದವರು ಇಂಥ ಉಪಾಯದಿಂದಲೇ ಜೀವನವೆಲ್ಲ ನಡೆಯುತ್ತಾರೆ. ಅದನ್ನು ತಿದ್ದಲು ಹೋಗುವುದು ಅಧಿಕಪ್ರಸಂಗ. ಆದರೆ ಚೇತರಿಸಿಕೊಳ್ಳಬಲ್ಲ ಸ್ನಾಯು ಇದ್ದೂ ಉಪಾಯವನ್ನೇ ರೂಢಿ ಮಾಡಿಕೊಂಡರೆ, ಆ ಸ್ನಾಯುವಿಗೆ ಕೆಲಸವೇ ಸಿಗದೆ ಇನ್ನೂ ಸೊರಗುತ್ತದೆ, ಬೆನ್ನೂ ಮೊಳಕಾಲೂ ಸಾಲ ತೀರಿಸಬೇಕಾಗುತ್ತದೆ.

ಈಗ ಕೋಲಿನ ವಿಷಯ. "ಕೋಲು ಯಾವ ಕೈಯಲ್ಲಿ ಹಿಡಿಯುತ್ತಿದ್ದೆ?" ಅಂತ ಕೇಳಿದರು ಮ್ಯಾಡಮ್. "ಎಡಗೈಯಲ್ಲಿ, ಪೆಟ್ಟಾದ ಕಡೆ" ಅಂದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. ಕೋಲು ಇರಬೇಕಾದ್ದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ. ನೋಯುವ ಕಾಲೂ ಕೋಲೂ ಒಟ್ಟಿಗೆ ನೆಲ ಮುಟ್ಟಬೇಕು. ನನ್ನ ತಕ್ಕಡಿಗೇ ಮತ್ತೆ ಬನ್ನಿ. ಬಲಗೈಯ ಕೋಲು ಎಡಸೊಂಟದ ಕೀಲಿನಿಂದ ಬಹಳ ದೂರ, ಸ್ನಾಯುವಿಗಿಂತ ಹೆಚ್ಚುಕಡಿಮೆ ಎಂಟು ಪಟ್ಟು. ಕೋಲಿನ ಮೇಲೆ ಬರೀ 5 ಕಿಲೋ ಒತ್ತಿದರೆ ಸ್ನಾಯುವಿಗೆ 40 ಕಿಲೋದ ಎಳೆತ ಉಳಿಯಿತು. ಕೀಲಿನ ಮೇಲಿನ 150 ಇಳಿದು 105ಕ್ಕೆ ಬಂತು. ನಿಜವಾದ ನಡಿಗೆಯಲ್ಲಿ ಲೆಕ್ಕದಷ್ಟು ಲಾಭ ಆಗುವುದಿಲ್ಲ, ಆದರೂ ಆಗುವುದು ಕಡಿಮೆಯೇನಲ್ಲ. ಅದೇ ಕೋಲು ಎಡಗೈಯಲ್ಲಿದ್ದರೆ ದೂರವೂ ಇಲ್ಲ, ಲಾಭವೂ ಇಲ್ಲ. ಮೇಲಾಗಿ ಎಡಕ್ಕೆ ವಾಲುವುದನ್ನೇ ಅದು ಕಲಿಸಿಕೊಡುತ್ತದೆ. ಸಿನೆಮಾದಲ್ಲಿ ಕುಂಟುವವರನ್ನು ಇನ್ನು ಮೇಲೆ ಗಮನಿಸಿ, ಎಷ್ಟೋ ಮಂದಿ ತಪ್ಪು ಕೈಯಲ್ಲೇ ಹಿಡಿದಿರುತ್ತಾರೆ.

1956ರಲ್ಲಿ ಅಮೆರಿಕದ ಮೂಳೆವೈದ್ಯ ವಾಲ್ಟರ್ ಬ್ಲೌಂಟ್ ಬರೆದ ಲೇಖನವೊಂದರ ಹೆಸರೇ 'ಕೋಲನ್ನು ಬಿಸಾಡಬೇಡಿ' ಎಂದು. ಅದನ್ನು ಕೇಳಿದಾಗ ನನಗೆ ಆ ಲೋಕಲ್ ಗಾಡಿಯ ರ‍್ಯಾಕು ಕಣ್ಣ ಮುಂದೆ ಬಂತು. ಕೋಲು ಬಿಡುವುದಕ್ಕೆ ತಾರೀಕು ಅಂತ ಇಲ್ಲ. ಅದಿಲ್ಲದೆ ವಾಲದೆ ನಡೆಯಲು ಬಂದ ದಿನ ಬಿಡಬೇಕು. ಅಲ್ಲಿಯವರೆಗೆ ಕೋಲಿಲ್ಲದೆ ಕುಂಟುವುದಕ್ಕಿಂತ ಕೋಲಿನೊಂದಿಗೆ ನೆಟ್ಟಗೆ ನಡೆಯುವುದೇ ಒಳ್ಳೆಯದು.

ಅಂತೂ ಹೊಸ ಕೋಲು ಬಂತು. ದಿನಾ ಹಾಕುವ ಚಪ್ಪಲಿ ಮೆಟ್ಟಿಕೊಂಡು, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಹಿಡಿ ಸಮನಾಗಬೇಕು. ಎತ್ತರವಾದರೆ ಹೆಗಲು ಏಳುತ್ತದೆ, ಗಿಡ್ಡವಾದರೆ ಮೈ ಬಾಗುತ್ತದೆ. ತುದಿಯ ರಬ್ಬರು ಸವೆದಿದ್ದರೆ ಮುಂಬಯಿಯ ಮಳೆಗಾಲದಲ್ಲಿ ಸ್ಟೇಷನ್ನಿನ ನೆಲದ ಮೇಲೆ ದೇವರೇ ಗತಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಿನ ಕಾಲು ಮೊದಲು. ಕೋಲು ಯಾವಾಗಲೂ ಪೆಟ್ಟಿನ ಕಾಲಿನ ಸಂಗಾತಿ.

ನಡಿಗೆಯಲ್ಲಿ ಅವರು ತಿದ್ದಿದ್ದು ನಾನು ಎಣಿಸಿದ ಕಾಲನ್ನಲ್ಲ. ನಾನು ಎಡಗಾಲನ್ನು ನೋಡಿಕೊಂಡೇ ನಡೆಯುತ್ತಿದ್ದೆ. ಅವರು ಬಲಗಾಲನ್ನು ನೋಡು ಅಂದರು. ಎಡಗಾಲಿನ ಮೇಲೆ ನಿಲ್ಲುವ ಧೈರ್ಯವಿಲ್ಲದವನು ಬಲಗಾಲನ್ನು ಗಡಿಬಿಡಿಯಲ್ಲಿ ತಂದು ಊರುತ್ತಾನೆ. ಹಾಗಾಗಿ ಗಿಡ್ಡವಾಗುವುದು ಒಳ್ಳೆಯ ಕಾಲಿನ ಹೆಜ್ಜೆ! ಅದನ್ನು ಉದ್ದ ಮಾಡಬೇಕಾದರೆ ಪೆಟ್ಟಿನ ಕಾಲಿನ ಮೇಲೆ ಇನ್ನೊಂದು ಕ್ಷಣ ನಿಲ್ಲಲೇಬೇಕು. "ಹಳೂ, ಹಳೂ" ಎನ್ನುತ್ತಿದ್ದರು, ಅಂದರೆ ಮೆಲ್ಲಗೆ, ಮೆಲ್ಲಗೆ. ಬೆಳಿಗ್ಗೆ ಐದಕ್ಕೆ ನಮ್ಮ ಚಾಳಿನ ಉದ್ದದ ವರಾಂಡದಲ್ಲಿ ನಡೆಯುತ್ತಿದ್ದೆ. ಕನ್ನಡಿ ಇಲ್ಲದ ಕಡೆ ಕಿವಿಯೇ ಕನ್ನಡಿ. ಚಪ್ಪಲಿಯ ಸದ್ದು ಒಂದು ಜೋರು ಒಂದು ಮೆಲು, ಒಂದು ದೀರ್ಘ ಒಂದು ಹ್ರಸ್ವ ಆಯಿತೋ, ಕುಂಟು ಬಂತು ಅಂತಲೇ ಲೆಕ್ಕ. ಚಿಕ್ಕಂದಿನಲ್ಲಿ ಯಕ್ಷಗಾನದ ಏಕತಾಳಕ್ಕೆ ಕುಣಿದ ಕಾಲು ಇದು. ಬಾಯಲ್ಲೇ ತಾಳ ಹಾಕಿಕೊಂಡು ಎರಡೂ ಸದ್ದು ಸಮ ಬರುವವರೆಗೆ ನಡೆದೆ. ದಣಿದು ಮತ್ತೆ ವಾಲಲು ಶುರುವಾದರೆ ಅಂದಿಗೆ ಸಾಕು. ಹಟ ಹಿಡಿದು ಮುಂದುವರಿದರೆ ಅಭ್ಯಾಸವಾಗುವುದು ಕುಂಟೇ.

ಸ್ನಾಯುವಿಗೆ ಬೇರೆ ಪಾಠ. ಬಲಮಗ್ಗುಲಿಗೆ ಮಲಗಿ ಎಡಗಾಲನ್ನು ನೆಟ್ಟಗಿಟ್ಟು ಮೇಲೆತ್ತಿ ಮೆಲ್ಲನೆ ಇಳಿಸುವುದು, ಮೊದಮೊದಲು ಎಂಟು ಸಲಕ್ಕೇ ಬೆವರು ಬರುತ್ತಿತ್ತು. ಇನ್ನೊಂದು, ಅಡಿಗೆ ಕಟ್ಟೆ ಹಿಡಿದು ಸೊಂಟ ಸಮ ಇಟ್ಟು ಎಡಗಾಲ ಮೇಲೆ ನಿಲ್ಲುವುದು. ಅಮ್ಮ ಹಾಲು ಕಾಯಿಸಲು ಇಟ್ಟು, "ಉಕ್ಕುವ ತನಕ ನಿಲ್ಲು ಕಾಂಬ" ಎನ್ನುತ್ತಿದ್ದಳು. ಮೊದಲ ವಾರ ಹಾಲಿನ ಅಂಚಿಗೆ ಗುಳ್ಳೆ ಬರುವ ಮೊದಲೇ ನಾನು ಸೋಲುತ್ತಿದ್ದೆ. ಇವನ್ನೆಲ್ಲ ಓದಿ ನೀವು ಯಾರಾದರೂ ನಾಳೆಯಿಂದಲೇ ಶುರುಮಾಡಬೇಡಿ. ಎಷ್ಟು ಭಾರ ಹಾಕಬಹುದೆಂದು ಶಸ್ತ್ರಕ್ರಿಯೆ ಮಾಡಿದವರೇ ಹೇಳಬೇಕು. ಸರಿಯಾಗಿ ನಡೆಯುತ್ತಿದ್ದವರಿಗೆ ಹೊಸದಾಗಿ ಕುಂಟು ಬಂದರೆ, ಜ್ವರವೋ ಕೆಂಪೋ ಬಾವೋ ಕಂಡರೆ, ಅದು ವ್ಯಾಯಾಮದ ವಿಷಯವಲ್ಲ, ನೆಟ್ಟಗೆ ಆಸ್ಪತ್ರೆಗೆ ಹೋಗಬೇಕು. ತಿಂಗಳುಗಟ್ಟಲೆ ಮಾಡಿಯೂ ಏನೂ ಆಗದಿದ್ದರೆ ನರಕ್ಕೋ ಸ್ನಾಯುವಿನ ಬುಡಕ್ಕೋ ಪೆಟ್ಟಾಗಿದೆಯೇ ಎಂದು ನೋಡಿಸಬೇಕು. ಸೊಂಟದ ಕೀಲು ಬದಲಾಯಿಸಿದ ಮೇಲೆ ಕೆಲವರಿಗೆ ಒಂದು ಕಾಲು ಉದ್ದವಾದಂತೆ ಅನ್ನಿಸುತ್ತದೆ. ಎಷ್ಟೋ ಸಲ ಅದು ಬಿಗಿದ ಸ್ನಾಯು ಸೊಂಟವನ್ನು ಓರೆ ಮಾಡಿದ್ದರ ಫಲ. ಚಪ್ಪಲಿಗೆ ಎತ್ತರ ಕೂಡಿಸಲು ಅವಸರ ಬೇಡ.

ಮೂರು ತಿಂಗಳಲ್ಲಿ ನನ್ನ ಕುಂಟು ಹನ್ನೆರಡಾಣೆ ಹೋಯಿತು. ಉಳಿದ ನಾಲ್ಕಾಣೆ ಈಗಲೂ ದಣಿದ ಸಂಜೆಗಳಲ್ಲಿ ಬಂದು ಮಾತಾಡಿಸಿಕೊಂಡು ಹೋಗುತ್ತದೆ. ಜನವರಿಯ ನಾಟಕದ ಹೊತ್ತಿಗೆ ನಿರ್ದೇಶಕನಿಗೆ ತಲೆನೋವು: "ನಿನ್ನ ಕುಂಟು ಎಲ್ಲಿ ಹಾಕಿ ಬಂದೆಯೋ? ಪಾತ್ರ ಹಾಳಾಯ್ತು!" ಕೊನೆಗೆ ನಾನು ಅಪ್ಪಯ್ಯನ ನಡಿಗೆಯನ್ನು ಕದ್ದು ಪಾತ್ರ ಮಾಡಿದೆ.

ಅಪ್ಪಯ್ಯ ಮಾಟುಂಗದ ಹೋಟೆಲಿನಲ್ಲಿ ಮೂವತ್ತು ವರ್ಷ ನಿಂತೇ ದುಡಿದವರು. ಮೊದಲು ಸಪ್ಲಾಯರ್, ಈಗ ಗಲ್ಲಾ. ಬಲಮೊಳಕಾಲು ಸವೆದಿದೆ. ಅವರದು ನನ್ನ ಕುಂಟಲ್ಲ, ನೋವಿನ ಕುಂಟು: ಕೆಂಡ ತುಳಿದವರ ಹಾಗೆ ಬಲಗಾಲು ಮುಟ್ಟಿಸಿ ತಕ್ಷಣ ಎತ್ತುತ್ತಾರೆ. ಮೊಳಕಾಲಿನಲ್ಲಿ ನೀರು ತುಂಬಿದಾಗ ತೊಡೆಯ ಮುಂದಿನ ಸ್ನಾಯು ತಾನಾಗಿಯೇ ಕೆಲಸ ಕಡಿಮೆ ಮಾಡುತ್ತದೆ. ಆಮೇಲೆ ಕಾಲು ಪೂರ್ತಿ ನೆಟ್ಟಗಾಗುವುದನ್ನೇ ಮರೆಯುತ್ತದೆ. ಕೋಲು ಅಂದರೆ ಅವರಿಗಾಗದು. ಉದ್ದ ಕೊಡೆಯನ್ನೇ ಊರಿಕೊಂಡು ಸ್ಟೇಷನ್ನಿನ ಸೇತುವೆ ಹತ್ತುತ್ತಾರೆ, ಅದೂ ಬಲಗೈಯಲ್ಲಿ.

"ಅಪ್ಪಯ್ಯ, ಕೊಡೆ ಎಡಗೈಗೆ ತಗೊಳ್ಳಿ" ಅಂದೆ ಒಂದು ದಿನ.

"ನೋವ್ ಇಪ್ಪುದ್ ಬಲಗಾಲಿಗೆ, ಕೊಡಿ ಎಡಗೈಯಲ್ಲಿ ಹಿಡ್ಕಂಬುದಾ? ಕಾಲೇಜಲ್ಲಿ ಇದನ್ನೇ ಕಲಿಸುದಾ?" ಅಂದರು.

ತಕ್ಕಡಿಯ ಲೆಕ್ಕ ಹೇಳಿದೆ. ಗಲ್ಲಾದಲ್ಲಿ ಕೂತವರಿಗೆ ಲೆಕ್ಕ ಬೇಗ ಅರ್ಥವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಆದರೆ ವಾರ ಬಿಟ್ಟು ಸೇತುವೆಯ ಮೇಲೆ ಹಿಂದಿನಿಂದ ನೋಡಿದೆ, ಕೊಡೆ ಎಡಗೈಯಲ್ಲಿತ್ತು. ಕೊಡೆಯ ಕಬ್ಬಿಣದ ತುದಿ ಜಾರುತ್ತದೆಂದು ಕೋಲಿನ ರಬ್ಬರು ತಂದು ಸಿಕ್ಕಿಸಿಕೊಟ್ಟೆ. ಇದೂ ಪೂರ್ತಿ ಸರಿಯಲ್ಲ, ಕೋಲೇ ಬೇಕು ಅಂತ ಮ್ಯಾಡಮ್ ಬೈದರು. ಈಗ ಮಳೆಗಾಲ ಮುಗಿದು ತಿಂಗಳಾಯಿತು. ಅಪ್ಪಯ್ಯನ ಕೊಡೆ ದಿನಾ ಹೊರಗೆ ಹೋಗುತ್ತಿದೆ. ಕೇಳಿದವರಿಗೆ, ಮುಂಬಯಿಯ ಆಕಾಶವನ್ನು ನಂಬಲಿಕ್ಕಾಗದು ಎನ್ನುತ್ತಾರೆ.