ಪ್ಲಂಜ್ ಗರಗಸ: ಸ್ವಿಚ್ ಒತ್ತುವ ಮೊದಲು ನೋಡಬೇಕಾದದ್ದು

ಪಾರ್ಶ್ವವಾಯು ಆದವರನ್ನು ಆಸ್ಪತ್ರೆಯಿಂದ ಕರೆತಂದ ಮೇಲೆ ಮನೆಯಲ್ಲಿ ಮರಗೆಲಸ ಶುರುವಾಗುತ್ತದೆ. ಗಾಲಿಕುರ್ಚಿ ಹೊಸ್ತಿಲು ದಾಟಲು ಪ್ಲೈವುಡ್ ಇಳಿಜಾರು ಬೇಕು, ಮಂಚ ಎತ್ತರಿಸಬೇಕು, ನೆಲಕ್ಕೆ ಉಜ್ಜುವ ಬಾಗಿಲಿನ ತಳ ಕೊಯ್ಯಬೇಕು. ಪುಣೆಯಲ್ಲಾದರೆ ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ನಿಂದ ಹಲಗೆ ತಂದು, ಬಡಿಗೇರರು ಸಿಗದಿದ್ದರೆ ಮಗನೋ ಅಳಿಯನೋ ತಾನೇ ಗರಗಸ ಹಿಡಿಯುತ್ತಾನೆ. ಈ ಲೇಖನ ಅಂಥವರಿಗೆ. ಮರಗೆಲಸವೇ ಜೀವನವಾಗಿದ್ದು, ದಿನಾ ಮಾತ್ರೆ ನುಂಗುವವರಿಗೂ ಇದು ಅನ್ವಯಿಸುತ್ತದೆ.

ನಮ್ಮಲ್ಲಿ ಪ್ಲೈವುಡ್ ಕೊಯ್ಯಲು ಹೆಚ್ಚಾಗಿ ಬಳಸುವುದು ಮಾರ್ಬಲ್ ಕಟರ್. ಅದು ಕಲ್ಲಿಗೆಂದು ಮಾಡಿದ ಯಂತ್ರ. ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ. ಮರದ ಹಲ್ಲಿನ ಬ್ಲೇಡ್ ಹಾಕಿದಾಗ ಬೆರಳಿಗೆ ರಕ್ಷಣೆ ತೀರಾ ಕಡಿಮೆ. ಪ್ಲಂಜ್ ಗರಗಸದಲ್ಲಿ ಬ್ಲೇಡ್ ಪೂರ್ತಿ ಕವಚದೊಳಗೆ ಇರುತ್ತದೆ. ಕೀಲಿ ಬಿಡಿಸಿ ಹಿಡಿಕೆಯನ್ನು ಕೆಳಗೆ ಒತ್ತಿದರೆ ಮಾತ್ರ ಹೊರಬರುತ್ತದೆ, ಕೈ ಸಡಿಲಿಸಿದರೆ ಸ್ಪ್ರಿಂಗ್ ಅದನ್ನು ಮೇಲಕ್ಕೆಳೆಯುತ್ತದೆ. ಉದ್ದನೆಯ ಅಲ್ಯೂಮಿನಿಯಂ ರೈಲಿನ ಮೇಲೆ ಜಾರುವುದರಿಂದ ಗೆರೆಯೂ ನೇರ. ಬೆಲೆ ಹೆಚ್ಚು, ನಿಜ. ಆದರೆ ಕವಚವೊಂದಿದೆ ಎಂದು ನೆಚ್ಚಿಕೊಂಡರೆ ಸಾಲದು. ಅಪಾಯ ತಪ್ಪಿಸುವ ಕೆಲಸದ ಬಹುಪಾಲು ಬ್ಲೇಡ್ ತಿರುಗುವ ಮೊದಲೇ ಮುಗಿದಿರಬೇಕು.

ಹೊಂದಿಸುವುದು

ಬ್ಲೇಡ್ ಮುಟ್ಟುವ ಮೊದಲು ಪ್ಲಗ್ ಕೀಳಿ, ಬ್ಯಾಟರಿಯದಾದರೆ ಬ್ಯಾಟರಿ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಕು ಎನ್ನುವವರ ಮಾತು ಕೇಳಬೇಡಿ. ಬ್ಲೇಡಿನ ಮೇಲಿನ ಬಾಣ ಮತ್ತು ಕವಚದ ಮೇಲಿನ ಬಾಣ ಒಂದೇ ದಿಕ್ಕಿಗಿರಬೇಕು. ಬ್ಲೇಡಿನ ಮೇಲೆ ಬರೆದ ಗರಿಷ್ಠ ಸುತ್ತು ನಿಮ್ಮ ಯಂತ್ರದ ಸುತ್ತಿಗಿಂತ ಕಡಿಮೆ ಇರಬಾರದು. ಪ್ಲೈವುಡ್‌ಗೆ ಹೆಚ್ಚು ಹಲ್ಲಿನ ಬ್ಲೇಡ್ ಒಳ್ಳೆಯದು, ಅಂಚು ಸಿಬಿರೇಳುವುದಿಲ್ಲ.

ಆಳ: ಹಲಗೆಯ ದಪ್ಪಕ್ಕಿಂತ 2–3 ಮಿಲಿಮೀಟರ್ ಹೆಚ್ಚು ಸಾಕು. 18 ಮಿಲಿಮೀಟರ್ ಪ್ಲೈಗೆ 20–21. ರೈಲು ಸುಮಾರು 5 ಮಿಲಿಮೀಟರ್ ಎತ್ತರ ಮಾಡುತ್ತದೆ. ಕೆಲವು ಯಂತ್ರಗಳ ಅಳತೆಪಟ್ಟಿಯಲ್ಲಿ ಅದು ಮೊದಲೇ ಸೇರಿರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಬೇಡದ ಚೂರಿನ ಮೇಲೆ ಒಮ್ಮೆ ಕೊಯ್ದು ನೋಡಿ.

ಹಲಗೆಯನ್ನು ಎರಡು ಸ್ಟೂಲಿನ ನಡುವೆ ತೂಗುಬಿಡಬೇಡಿ. ಕೆಳಗೆ ದಪ್ಪ ಥರ್ಮಾಕೋಲ್ ಹಾಳೆಯನ್ನೋ ಹಳೆ ಪ್ಲೈ ತುಂಡನ್ನೋ ಪೂರ್ತಿ ಹಾಸಿ, ರೈಲನ್ನು ಕ್ಲ್ಯಾಂಪಿನಿಂದ ಬಿಗಿಯಿರಿ. ಇದಕ್ಕೆ ಕಾರಣವಿದೆ. ಬ್ಲೇಡಿನ ಹಿಂಭಾಗದ ಹಲ್ಲುಗಳು ಮರದೊಳಕ್ಕೆ ಕೆಳಮುಖವಾಗಿ ಇಳಿಯುತ್ತಿರುತ್ತವೆ. ಹಲಗೆ ಬಾಗಿ ಕೊಯ್ದ ಸೀಳು ಮುಚ್ಚಿಕೊಂಡರೆ ಬ್ಲೇಡ್ ಅಲ್ಲಿ ಸಿಕ್ಕಿ, ಇಡೀ ಯಂತ್ರ ನಿಮ್ಮ ಕಡೆಗೆ ಒದೆಯುತ್ತದೆ. ಬ್ಲೇಡಿನ ಹಿಂದೆ ತೆಳುವಾದ ಉಕ್ಕಿನ ಪಟ್ಟಿ ಇದ್ದರೆ ಅದು ಸೀಳು ಮುಚ್ಚದಂತೆ ತಡೆಯಲಿಕ್ಕೇ ಇದೆ, ಅಡ್ಡಬರುತ್ತದೆಂದು ಬಿಚ್ಚಿಡಬೇಡಿ. ಹಲಗೆಯ ನಡುವಿನಲ್ಲಿ ಬ್ಲೇಡ್ ಇಳಿಸುವಾಗ ಒದೆತದ ಸಾಧ್ಯತೆ ಇನ್ನೂ ಹೆಚ್ಚು. ಆಗ ಗರಗಸದ ಬೆನ್ನಿಗೆ ರೈಲಿನ ಮೇಲೊಂದು ತಡೆ ಬಿಗಿಯಬೇಕು.

ಕೊಯ್ಯುವಾಗ ಎರಡೂ ಕೈ ಹಿಡಿಕೆಗಳ ಮೇಲೆ, ಮೈ ಗೆರೆಯಿಂದ ಪಕ್ಕಕ್ಕೆ. ಮೋಟಾರು ಪೂರ್ತಿ ವೇಗಕ್ಕೆ ಬಂದ ಮೇಲೆ ನಿಧಾನ ಇಳಿಸಿ, ಮುಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ಎಳೆಯಬೇಡಿ. ಹಲಗೆಯ ಅಡಿಯಲ್ಲಿ ಯಾರ ಕೈಯೂ ಇರಬಾರದು, "ಸ್ವಲ್ಪ ಹಿಡ್ಕೋ" ಎಂದು ಕರೆದ ಮಕ್ಕಳದಂತೂ ಬೇಡವೇ ಬೇಡ. ಸಡಿಲ ಕೈಗವಸು, ಬಳೆ, ಉಂಗುರ, ಸೆರಗು, ದುಪಟ್ಟಾ ಬ್ಲೇಡಿನಿಂದ ದೂರ. ಕಣ್ಣಿಗೆ ಕನ್ನಡಕ, ಕಿವಿಗೆ ಇಯರ್‌ಮಫ್ ಬೇಕು. ಇಂಥ ಯಂತ್ರದ ಸದ್ದು ಸುಲಭವಾಗಿ 85 ಡೆಸಿಬೆಲ್ ದಾಟುತ್ತದೆ.

ನೀವು ನುಂಗಿದ ಮಾತ್ರೆ

ಔಷಧಿ ಅಂಗಡಿಯಲ್ಲಿ ಯಾರೂ "ನಾಳೆ ಗರಗಸ ಹಿಡೀತೀರಾ?" ಎಂದು ಕೇಳುವುದಿಲ್ಲ. ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್ ತೂಕಡಿಕೆ ತರುತ್ತದೆ. ರಾತ್ರಿ ನುಂಗಿದ ಸೆಟಿರಿಜಿನ್‌ನ ಮಂಪರು ಕೆಲವರಿಗೆ ಬೆಳಿಗ್ಗೆಯೂ ಉಳಿದಿರುತ್ತದೆ. ನರದ ನೋವಿಗೆ ಕೊಡುವ ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್, ನಿದ್ದೆಗೆ ಕೊಡುವ ಆಲ್‌ಪ್ರಜೋಲಾಮ್, ಕ್ಲೋನಾಜೆಪಾಮ್, ನೋವಿಗೆ ಟ್ರಮಡಾಲ್: ಇವುಗಳನ್ನು ಶುರುಮಾಡಿದ ಅಥವಾ ಡೋಸ್ ಹೆಚ್ಚಿಸಿದ ದಿನಗಳಲ್ಲಿ ಗರಗಸ ಬೇಡ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಊಟ ಬಿಟ್ಟು ಕೆಲಸಕ್ಕೆ ನಿಂತರೆ ಸಕ್ಕರೆ ಇಳಿದು ಕೈ ನಡುಗಬಹುದು. ಫಿಟ್ಸ್ ಇರುವವರು ಮೊದಲು ತಮ್ಮ ವೈದ್ಯರನ್ನು ಕೇಳಿ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಅಸೆನೊಕೌಮರಾಲ್, ಕ್ಲೋಪಿಡೊಗ್ರೆಲ್, ಆಸ್ಪಿರಿನ್ ನುಂಗುವವರಿಗೆ ಸಣ್ಣ ಗಾಯವೂ ಬೇಗ ನಿಲ್ಲುವುದಿಲ್ಲ. ಹಾಗೆಂದು ಕೆಲಸಕ್ಕೋಸ್ಕರ ಮಾತ್ರೆ ಬಿಡಬೇಡಿ. ಕೆಲಸವನ್ನು ಬೇರೆಯವರಿಗೆ ಬಿಡಿ.

ಧೂಳು

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ 1995ರಲ್ಲಿ ಸೇರಿಸಿತು. ಒಂದು ಬಾಗಿಲು ಕೊಯ್ದವರು ಹೆದರಬೇಕಿಲ್ಲ. ಇಪ್ಪತ್ತು ವರ್ಷ ಕೊಯ್ದ ಬಡಿಗೇರರು ಯೋಚಿಸಬೇಕು. ಮನೆಯಲ್ಲಿ ದಮ್ಮು ಅಥವಾ ಸಿಒಪಿಡಿ ರೋಗಿ ಇದ್ದರೆ ಅಳತೆ ಕೊಟ್ಟು ಹೊರಗೇ ಕೊಯ್ಯಿಸಿ ತನ್ನಿ. ಮನೆಯಲ್ಲೇ ಆಗಬೇಕಾದರೆ ಗರಗಸಕ್ಕೆ ವ್ಯಾಕ್ಯೂಮ್ ಪೈಪ್ ಜೋಡಿಸಿ, ಎನ್95 ಮಾಸ್ಕ್ ಹಾಕಿ, ಆಮೇಲೆ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೈಗೆ ತಗುಲಿದರೆ

ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕೈ ಎತ್ತರಿಸಿ, 108ಕ್ಕೆ ಕರೆ ಮಾಡಿ. ಅರಿಶಿನ, ಕಾಫಿ ಪುಡಿ ಹಾಕಬೇಡಿ. ಗಾಯ ತೊಳೆಯುವ ವೈದ್ಯರಿಗೆ ಅದನ್ನು ತೆಗೆಯುವುದೇ ಒಂದು ಕೆಲಸವಾಗುತ್ತದೆ. ಬೆರಳಿಗೆ ದಾರ, ರಬ್ಬರ್ ಬ್ಯಾಂಡ್ ಬಿಗಿಯಬೇಡಿ. ಚರ್ಮದಲ್ಲಿ ನೇತಾಡುವ ಬೆರಳನ್ನು ಕತ್ತರಿಸಿ ಬೇರ್ಪಡಿಸಬೇಡಿ.

ಬೆರಳು ತುಂಡಾಗಿದ್ದರೆ ಹುಡುಕಿ. ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಗಾಜ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ. ಆ ಚೀಲವನ್ನು ಐಸ್ ಮತ್ತು ನೀರು ಬೆರೆಸಿದ ಇನ್ನೊಂದು ಚೀಲದಲ್ಲಿಡಿ. ಐಸ್ ನೇರ ತಗುಲಿದರೆ ಅಂಗಾಂಶ ಸುಟ್ಟಂತಾಗಿ ಜೋಡಿಸಲು ಬಾರದು. ತಂಪಾಗಿಟ್ಟ ಬೆರಳಿಗೆ ಸಮಯ ಹೆಚ್ಚು ಸಿಗುತ್ತದೆ, ಆದರೂ ಗಂಟೆಗಳ ಲೆಕ್ಕ ಹಾಕುತ್ತ ಕೂರಬೇಡಿ. ಹೊರಡುವ ಮೊದಲೋ ದಾರಿಯಲ್ಲೋ ಫೋನ್ ಮಾಡಿ, ಪ್ಲಾಸ್ಟಿಕ್ ಅಥವಾ ಕೈ ಶಸ್ತ್ರಚಿಕಿತ್ಸಕರು ಈಗ ಇದ್ದಾರೆಯೇ ಎಂದು ಕೇಳಿ. ಗಾಯಾಳುವಿಗೆ ಚಹಾ, ಊಟ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು.

ಕೊನೆಯ ಧನುರ್ವಾಯು ಚುಚ್ಚುಮದ್ದು ಯಾವಾಗ ಆಯಿತೆಂದು ಅಲ್ಲಿ ಕೇಳುತ್ತಾರೆ. ಕೊಳೆ ಸೇರಿದ ಗಾಯವಾಗಿದ್ದು 5 ವರ್ಷ ದಾಟಿದ್ದರೆ ಮತ್ತೊಂದು ಕೊಡುತ್ತಾರೆ. ದಿನಾ ನುಂಗುವ ಮಾತ್ರೆಗಳ ಪಟ್ಟಿಗಳನ್ನೇ ಜೇಬಿಗೆ ಹಾಕಿಕೊಂಡು ಹೋಗಿ. ಆ ಗಡಿಬಿಡಿಯಲ್ಲಿ ಹೆಸರು ನೆನಪಾಗುವುದಿಲ್ಲ.